ಅಂಚೆ ಸುಧಾರಣೆಯ ಬಗ್ಗೆ ಊರಿನಲ್ಲಿ ಚರ್ಚೆ ನಡೆಸುವುದು ಹೇಗೆ

‘ಅಂಚೆ ಕಚೇರಿ ಬೇಕೇ, ಬೇಡವೇ’ ಎಂಬ ಪ್ರಶ್ನೆ ಇಟ್ಟುಕೊಂಡು ದಯವಿಟ್ಟು ಸಭೆ ಕರೆಯಬೇಡಿ. ಹಾಗೆ ಕರೆದರೆ ಹಿರಿಯರೊಬ್ಬರು ಎದ್ದು, ರೆಜಿಮೆಂಟಿನಿಂದ ಮನೆಗೆ ಬರುತ್ತಿದ್ದ ಮನಿ ಆರ್ಡರ್ ನೆನೆಯುತ್ತಾರೆ. ಅವರ ಬೆನ್ನಿಗೇ ಕಿರಿಯರೊಬ್ಬರು ಎದ್ದು, ಈಗ ಕಾಗದ ಬರೆಯುವವರು ಯಾರು, ಸರ್ಕಾರಕ್ಕೆ ಈ ನಷ್ಟ ಏಕೆ ಎಂದು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಆ ಎರಡು ಮಾತುಗಳು ಎಲ್ಲಿಯೂ ಒಂದನ್ನೊಂದು ಮುಟ್ಟುವುದಿಲ್ಲ. ಸಭೆ ಮುಗಿಯುತ್ತದೆ, ಮೇಲಿನಿಂದ ಬಂದ ಆದೇಶ ಬಂದ ಹಾಗೆಯೇ ಜಾರಿಯಾಗುತ್ತದೆ.

ನಾನು ಕೊಡಗಿನ ನಾಪೋಕ್ಲು ಕಡೆಯ ಒಂದು ಹಳ್ಳಿಯಲ್ಲಿ ಶಾಖಾ ಅಂಚೆ ಕಚೇರಿ ನಡೆಸಿ ನಿವೃತ್ತಳಾದವಳು. ಕಚೇರಿ ಎಂದರೆ ನಮ್ಮ ಮನೆಯ ಜಗಲಿಗೆ ಅಂಟಿಕೊಂಡಿದ್ದ ಕೋಣೆ; ಕಚೇರಿಗೆ ಜಾಗ ಒದಗಿಸುವ ಹೊಣೆ ಶಾಖಾ ಪೋಸ್ಟ್‌ಮಾಸ್ಟರ್ ಮೇಲೆಯೇ ಇತ್ತು. ಅಂಚೆ ಬದಲಾಗಬೇಕು ಎಂದು ನಂಬಿದವಳು ನಾನು. ಬದಲಾವಣೆಯನ್ನು ಅಳೆಯುವ ಕೋಲು ಮಾತ್ರ ನಮ್ಮ ಕೈಯಲ್ಲಿರಬೇಕು. ನನ್ನ ಕೋಲು ಇದು: ಯಾವುದೇ ಯೋಜನೆ ಬರಲಿ, ಕೊನೆಯ ಮನೆಯವರೆಗೆ ನಡೆಯುವವರು ಯಾರು, ಆ ನಡಿಗೆಗೆ ಅವರಿಗೆ ಸಿಗುವುದೇನು ಎಂದು ಕೇಳಿ. ಉಳಿದ ಚರ್ಚೆಯೆಲ್ಲ ಅದರ ಹಿಂದೆ ಬರುತ್ತದೆ.

ಯೋಜನೆಯನ್ನು ಹೆಸರಿಟ್ಟು ಕರೆಯಿರಿ

‘ಅಂಚೆ ಸುಧಾರಣೆ’ ಎಂಬ ಒಂದೇ ವಸ್ತು ಇಲ್ಲ. ಹಲವು ಬದಲಾವಣೆಗಳು ಒಂದರ ಮೇಲೊಂದು ಬಂದಿವೆ. 1898ರ ಕಾಯ್ದೆಯ ಜಾಗಕ್ಕೆ 2023ರ ಅಂಚೆ ಕಚೇರಿ ಕಾಯ್ದೆ ಬಂದು, 2024ರ ಜೂನ್ 18ರಿಂದ ಜಾರಿಯಲ್ಲಿದೆ. ಕಾಗದ ಸಾಗಿಸುವ ಏಕಸ್ವಾಮ್ಯ ಹಳೆಯ ಕಾಯ್ದೆಯಲ್ಲಿ ಸರ್ಕಾರಕ್ಕಿತ್ತು, ಹೊಸದರಲ್ಲಿ ಅದು ಇಲ್ಲ. 2025ರ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಅಂಚೆಯನ್ನು ದೊಡ್ಡದೊಂದು ಸಾರ್ವಜನಿಕ ಸರಕು ಸಾಗಣೆ ಸಂಸ್ಥೆಯನ್ನಾಗಿ ಮಾಡುವುದಾಗಿ ಹೇಳಿದರು. ಅದೇ ವರ್ಷ ರಿಜಿಸ್ಟರ್ಡ್ ಪೋಸ್ಟ್ ಎಂಬ ಪ್ರತ್ಯೇಕ ಸೇವೆ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಯಿತು. ಹಲವು ಕಚೇರಿಗಳ ಬಟವಾಡೆಯನ್ನು ಒಂದೇ ಕಡೆಯಿಂದ ನಡೆಸುವ ಸ್ವತಂತ್ರ ಬಟವಾಡೆ ಕೇಂದ್ರಗಳ ಯೋಜನೆ ಇನ್ನೊಂದು. ಇದಕ್ಕೂ ಹಿಂದೆ, 2014ರಲ್ಲಿ, ಟಿ.ಎಸ್.ಆರ್. ಸುಬ್ರಮಣಿಯನ್ ಅವರ ಕಾರ್ಯಪಡೆ ಬ್ಯಾಂಕಿಂಗ್, ವಿಮೆ ಮುಂತಾದ ಕೆಲಸಗಳನ್ನು ಬೇರೆ ಬೇರೆ ಕಂಪನಿಗಳಾಗಿ ಮಾಡುವ ಸಲಹೆ ನೀಡಿತ್ತು.

ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿ. ಒಂದು ಸಂಜೆಗೆ ಒಂದು ಯೋಜನೆ ಸಾಕು. ಕಾಯ್ದೆಯನ್ನೇ ಆರಿಸಿದರೆ ಅದರ ಪ್ರತಿ ತರಿಸಿ ಓದಿ, ಕೆಲವೇ ಪುಟಗಳಿವೆ. ಅಂಚೆಯಲ್ಲಿ ಹೋಗುವ ವಸ್ತುವನ್ನು ತಡೆಯಲು, ತೆರೆದು ನೋಡಲು ಸರ್ಕಾರಕ್ಕೆ ಅಧಿಕಾರ ಕೊಡುವ 9ನೇ ಕಲಂ, ಇಲಾಖೆಯ ಹೊಣೆಗಾರಿಕೆಗೆ ಮಿತಿ ಹಾಕುವ 10ನೇ ಕಲಂ, ಇವೆರಡನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಇಂಥ ಅಧಿಕಾರ ಬ್ರಿಟಿಷರ ಕಾಯ್ದೆಯಲ್ಲೂ ಇತ್ತು. 1986ರಲ್ಲಿ ಸಂಸತ್ತು ಒಪ್ಪಿದ ಅಂಚೆ ತಿದ್ದುಪಡಿ ಮಸೂದೆಗೆ ರಾಷ್ಟ್ರಪತಿ ಜೈಲ್ ಸಿಂಗ್ ಸಹಿ ಹಾಕದೆ ಉಳಿಸಿಕೊಂಡದ್ದೂ ಇದೇ ವಿಷಯಕ್ಕಾಗಿ. ಮಕ್ಕಳಿಗೆ ಇದು ಗೊತ್ತಿರಬೇಕು.

ಒಂದು ಬೀಟ್ ನಡೆದು ಬನ್ನಿ

ಚರ್ಚೆಯಲ್ಲಿ ಮಾತನಾಡುವವರು ಅದಕ್ಕೂ ಮೊದಲು ನಿಮ್ಮ ಊರಿನ ಡಾಕ್ ಸೇವಕರ ಬೀಟನ್ನು, ಅಂದರೆ ಅವರು ಕಾಗದ ಹಂಚುತ್ತ ಹೋಗುವ ದಾರಿಯನ್ನು, ಒಮ್ಮೆಯಾದರೂ ನಡೆಯಲೇಬೇಕು. ಇದನ್ನು ನಾನು ಬಿಟ್ಟುಕೊಡುವುದಿಲ್ಲ. ಬೈಕಿನಲ್ಲಿ ಹೋಗಬೇಡಿ. ಬೈಕು ಹೋಗುವ ಕಡೆಗೆ ಹೇಗೂ ಕೊರಿಯರ್ ಬರುತ್ತದೆ. ಅದು ಬರದ ಕಡೆಯ ಮಾತು ನಮಗೆ ಮುಖ್ಯ.

ನಮ್ಮ ಜಿಲ್ಲೆಗೆ ರೈಲಿಲ್ಲ. ಚೀಲ ರಸ್ತೆಯಲ್ಲಿಯೇ ಘಟ್ಟ ಹತ್ತಬೇಕು. ಮಡಿಕೇರಿಯಿಂದ ಉಪ ಅಂಚೆ ಕಚೇರಿಗೆ, ಅಲ್ಲಿಂದ ಶಾಖಾ ಕಚೇರಿಗೆ ಬಂದು, ಚೀಲ ಬಿಚ್ಚಿ, ಮೊಹರು ಹಾಕಿ, ವಿಂಗಡಿಸಿದ ಮೇಲೆ ನಡಿಗೆ ಶುರುವಾಗುತ್ತದೆ. ಜುಲೈ ತಿಂಗಳಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಚೀಲವೂ ಒಳಗೊಳಗೇ ಬೆವರಿ, ಲಕೋಟೆಗಳ ಗೋಂದು ಬಿಟ್ಟು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅವುಗಳನ್ನು ಬಿಡಿಸುವಾಗ ವಿಳಾಸದ ಶಾಯಿ ಕಿತ್ತು ಬಾರದಂತೆ ನೋಡಬೇಕು. ನಾವು ಒಲೆಯ ಹತ್ತಿರ ಹಳೆಯ ಪತ್ರಿಕೆ ಹಾಸಿ ಅವನ್ನು ಹರಡುತ್ತಿದ್ದೆವು. ಕೆಲವು ಪಾಸ್ ಪುಸ್ತಕಗಳಿಗೂ ಹೊಗೆಯ ವಾಸನೆ ಹತ್ತಿರುತ್ತಿತ್ತು.

ಈ ನಡಿಗೆಯಲ್ಲಿ ಬರೆದುಕೊಳ್ಳಬೇಕಾದ್ದು ಕಾಗದ ಎಷ್ಟು ಬಂತು ಎಂಬುದಲ್ಲ, ಏನು ಬಂತು ಎಂಬುದು. ಎಟಿಎಂ ಕಾರ್ಡ್, ಪಾಸ್‌ಪೋರ್ಟ್, ಸೊಸೈಟಿಯ ಸಾಲದ ನೋಟಿಸು, ಕೋರ್ಟಿನ ಸಮನ್ಸು, ನೇಮಕಾತಿಯ ಕರೆಪತ್ರ, ದಾಖಲೆ ಕಚೇರಿಯಿಂದ ನಿವೃತ್ತ ಸೈನಿಕರಿಗೆ ಬರುವ ಪಿಂಚಣಿ ಪತ್ರ. ಯಾರದು ಎಂದು ಬರೆಯಬೇಡಿ. ಅಂಚೆಯ ಗುಟ್ಟು ಅಂಚೆಯಲ್ಲಿಯೇ ಇರಬೇಕು. ಸೇವಕರ ಬಾಯಿಂದ ಬರೀ ಬಗೆಗಳನ್ನು ಕೇಳಿಕೊಳ್ಳಿ. ‘ಈಗ ಯಾರು ಕಾಗದ ಬರೆಯುತ್ತಾರೆ’ ಎಂಬ ಮಾತಿಗೆ ಈ ಪಟ್ಟಿಯೇ ಉತ್ತರ. ಪ್ರೀತಿಯ ಕಾಗದ ನಿಂತಿದೆ, ನಿಜ. ತಡವಾದರೆ ಮನುಷ್ಯನ ಬದುಕು ಕೆಡಿಸುವ ಕಾಗದ ನಿಂತಿಲ್ಲ.

ತೋಟದ ಕೆಲಸಗಾರರು ಇರುವ ಸಾಲು ಮನೆಗಳ, ಅಂದರೆ ಲೈನ್ ಮನೆಗಳ, ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ತೋಟದ ಕೆಲಸಗಾರರ ಕಾಗದ ಎಷ್ಟೋ ಕಡೆ ಅವರ ಕೈಗೆ ನೇರ ಸೇರುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ ಮೇಜಿನ ಮೇಲೆ ಇಳಿಯುತ್ತದೆ. ಅಲ್ಲಿಂದ ಮುಂದಿನದು ರೈಟರ ಮನಸ್ಸು. ‘ಮನೆ ಬಾಗಿಲಿಗೆ ಬಟವಾಡೆ ಉಳಿಸಿ’ ಎಂದು ನಾವು ಕೂಗುವಾಗ, ನಮ್ಮದೇ ಊರಿನಲ್ಲಿ ಯಾರ ಬಾಗಿಲಿಗೆ ಅದು ಎಂದೂ ಬಂದಿರಲಿಲ್ಲ ಎಂಬುದನ್ನು ನೋಡಿಕೊಂಡು ಕೂಗಬೇಕು.

ಅಲ್ಲಿಯೇ ಅಂಚೆ ಪಾವತಿ ಬ್ಯಾಂಕಿನ ಕೆಲಸವನ್ನೂ ನೋಡಿ. 2018ರ ಸೆಪ್ಟೆಂಬರ್ 1ರಂದು ದೇಶದಾದ್ಯಂತ ಆರಂಭವಾದ ಈ ಬ್ಯಾಂಕು ಒಳ್ಳೆಯ ಸುಧಾರಣೆ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಬಸ್ಸಿಗೆ ದುಡ್ಡು ಕೊಟ್ಟು, ಒಂದು ದಿನದ ಕೂಲಿ ಕಳೆದುಕೊಂಡು ಪಟ್ಟಣಕ್ಕೆ ಹೋಗಬೇಕಿದ್ದ ಅಜ್ಜಿ ತನ್ನ ಅಂಗಳದಲ್ಲಿಯೇ ಆಧಾರ್ ಮೇಲೆ ಬೆರಳೊತ್ತಿ ಪಿಂಚಣಿ ಪಡೆಯುತ್ತಾಳೆ. ಆದರೆ ವರ್ಷಗಟ್ಟಲೆ ಕಾಫಿ ಹಣ್ಣು ಕೊಯ್ದು, ಕತ್ತಿ ಹಿಡಿದು ಸವೆದ ಬೆರಳನ್ನು ಯಂತ್ರ ಓದುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ತಲೆಗೂದಲಿಗೆ ಉಜ್ಜಿ, ಒಂದೊಂದೇ ಬೆರಳು ಬದಲಿಸಿ ಒತ್ತಿಸಬೇಕು. ಬೆರಳು ಸಿಕ್ಕಿತು ಎನ್ನುವಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಆಗ ಸೇವಕರು ಸಿಗ್ನಲ್ ಸಿಗುವ ತಿರುವಿಗೆ ಅಜ್ಜಿಯನ್ನೇ ಕರೆದುಕೊಂಡು ಹೋಗುತ್ತಾರೆ. ಈ ಕೆಲಸಕ್ಕೆ ಹಿಡಿಯುವ ಹೊತ್ತು ಯಾವ ಯೋಜನೆಯ ಲೆಕ್ಕದಲ್ಲಿದೆ ಎಂದು ಸಭೆಯಲ್ಲಿ ಕೇಳಬೇಕು.

ನಷ್ಟದ ಮಾತು ಬಂದಾಗ

ಬಂದೇ ಬರುತ್ತದೆ. ಅದಕ್ಕೆ ಸಿಟ್ಟಾಗದೆ ತಯಾರಾಗಿರಿ.

ದೇಶದ ಸುಮಾರು 1.64 ಲಕ್ಷ ಅಂಚೆ ಕಚೇರಿಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಹಳ್ಳಿಗಳಲ್ಲಿವೆ. ಖರ್ಚಿನಲ್ಲಿ ಸಿಂಹಪಾಲು ಸಂಬಳ ಮತ್ತು ಪಿಂಚಣಿಯದು. ಪೋಸ್ಟ್ ಕಾರ್ಡಿಗೆ ಇನ್ನೂ 50 ಪೈಸೆ. ಅದನ್ನು ತಲುಪಿಸುವ ಖರ್ಚು ಅದರ ಹಲವು ಪಟ್ಟು. ಇವೆಲ್ಲವನ್ನೂ ಒಪ್ಪಿಕೊಂಡೇ ಮಾತು ಶುರುಮಾಡಿ. ಆಮೇಲೆ ಈ ನಿಯಮವನ್ನು ಮುಂದಿಡಿ: ಸಾಮಾನ್ಯ ಗ್ರಾಮೀಣ ಪ್ರದೇಶದಲ್ಲಿ ಶಾಖಾ ಕಚೇರಿ ತೆರೆಯಲು ಹಳ್ಳಿಗಳ ಗುಂಪಿನಲ್ಲಿ 3,000 ಜನ ಇರಬೇಕು, ನಿರೀಕ್ಷಿತ ಆದಾಯ ಖರ್ಚಿನ ಮೂರನೇ ಒಂದು ಭಾಗವಾದರೂ ಇರಬೇಕು. ಗುಡ್ಡಗಾಡು, ಬುಡಕಟ್ಟು ಮತ್ತು ಹಿಂದುಳಿದ ಪ್ರದೇಶಗಳಿಗೆ ಆದಾಯ ಶೇ. 15 ಇದ್ದರೆ ಸಾಕು. ಅಂದರೆ ಹಳ್ಳಿಯ ಅಂಚೆ ತನ್ನ ಖರ್ಚನ್ನು ತಾನೇ ದುಡಿಯಬೇಕು ಎಂದು ಇಲಾಖೆಯೇ ಎಂದೂ ಹೇಳಿರಲಿಲ್ಲ. ಉಳಿದ ಪಾಲನ್ನು ದೇಶ ಹೊರಬೇಕು ಎಂದು ತೀರ್ಮಾನಿಸಿಯೇ ಬಾಗಿಲು ತೆರೆದದ್ದು. ಈ ತೀರ್ಮಾನ ಇಂದೂ ಸರಿಯೇ ಎಂಬುದು ನಿಜವಾದ ಚರ್ಚೆ. ‘ನಷ್ಟ’ ಎಂಬ ಒಂದು ಪದ ಅದರ ಬಾಯಿ ಮುಚ್ಚಿಸಬಾರದು.

ಹಾಗಾದರೆ ನಿಮ್ಮ ಊರಿನ ಕಚೇರಿ ಯಾವ ವರ್ಗದಲ್ಲಿದೆ? ಕೇಳಿ ತಿಳಿಯುವ ದಾರಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆಯಿರಿ. ಶುಲ್ಕ 10 ರೂಪಾಯಿ. ಅದನ್ನು ಪೋಸ್ಟಲ್ ಆರ್ಡರ್ ರೂಪದಲ್ಲಿ ಕೊಡಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಅರ್ಜಿ 500 ಪದಗಳೊಳಗೆ ಇರಲಿ. ಪ್ರಶ್ನೆ ಗಿಡ್ಡವಾಗಿ, ದಾಖಲೆ ಕೇಳುವಂತಿರಲಿ: ಈ ಶಾಖಾ ಕಚೇರಿಯನ್ನು ಯಾವ ಪ್ರದೇಶದ ವರ್ಗದಲ್ಲಿ ಇರಿಸಲಾಗಿದೆ, ಕಳೆದ ಮೂರು ವರ್ಷಗಳಲ್ಲಿ ಇದರ ಆದಾಯ ಮತ್ತು ಖರ್ಚು ಎಷ್ಟು, ಇದನ್ನು ಬೇರೆ ಕಚೇರಿಯೊಂದಿಗೆ ಸೇರಿಸುವ ಪ್ರಸ್ತಾವ ಇದ್ದರೆ ಅದರ ಪ್ರತಿ ಕೊಡಿ. ‘ಏಕೆ ಹೀಗೆ ಮಾಡುತ್ತೀರಿ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಉತ್ತರಕ್ಕೆ 30 ದಿನಗಳ ಗಡುವಿದೆ. ಸಭೆಯ ದಿನಾಂಕವನ್ನು ಅದಕ್ಕೆ ತಕ್ಕಂತೆ ಗೊತ್ತುಮಾಡಿ.

ಒಂದು ಲಕೋಟೆಯ ಲೆಕ್ಕ

ದೊಡ್ಡ ಮಾತಿಗಿಂತ ಒಂದು ರಸೀದಿ ಹೆಚ್ಚು ಕೆಲಸ ಮಾಡುತ್ತದೆ. ರಿಜಿಸ್ಟರ್ಡ್ ಪೋಸ್ಟ್ ವಿಲೀನದ ಚರ್ಚೆಯಾದರೆ ಈ ಲೆಕ್ಕವನ್ನು ಹಲಗೆಯ ಮೇಲೆ ಬರೆಯಿರಿ. ವಿರಾಜಪೇಟೆಯಿಂದ ಬೆಂಗಳೂರಿಗೆ 20 ಗ್ರಾಂ ತೂಕದ ನೋಟಿಸು ಕಳಿಸಬೇಕು. ಹಳೆಯ ವ್ಯವಸ್ಥೆಯಲ್ಲಿ ಅಂಚೆ ವೆಚ್ಚ 5 ರೂಪಾಯಿ, ನೋಂದಣಿ 17, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 25 ರೂಪಾಯಿ 96 ಪೈಸೆ. 2025ರ ಅಕ್ಟೋಬರ್ 1ರ ದರದಲ್ಲಿ 50 ಗ್ರಾಂವರೆಗಿನ ಸ್ಪೀಡ್ ಪೋಸ್ಟ್ ಸ್ಥಳೀಯ ವ್ಯಾಪ್ತಿಯ ಹೊರಗೆ 47 ರೂಪಾಯಿ, ನೋಂದಣಿಗೆ 5, ಜಿಎಸ್‌ಟಿ ಸೇರಿ 61 ರೂಪಾಯಿ 36 ಪೈಸೆ.

ಈಗ ಎರಡೂ ಕಡೆಯ ಮಾತು ಕೇಳಿ. ಪರವಾದವರು ಹೇಳುವುದು ಗಟ್ಟಿಯಾಗಿಯೇ ಇದೆ: ಒಂದೇ ದಾರಿಯಲ್ಲಿ ಎರಡು ಬಗೆಯ ಚೀಲ ಓಡಿಸುವುದು ವ್ಯರ್ಥ, ಈಗ ಕಾಗದ ಬೇಗ ಹೋಗುತ್ತದೆ, ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಬಹುದು, ಒಟಿಪಿ ಕೊಟ್ಟು ಪಡೆಯಬಹುದು. ವಿರೋಧದ ಮಾತೂ ಗಟ್ಟಿಯಾಗಿದೆ: ಕೊಡಗಿನ ವಂಶಪಾರಂಪರ್ಯದ ಹಿಡುವಳಿಯಾದ ಜಮ್ಮಾ ಜಮೀನಿನ ತಕರಾರಿನಲ್ಲಿ, ಕೂಲಿ ಬಾಕಿಯ ವಿಷಯದಲ್ಲಿ ನೋಟಿಸು ಕಳಿಸುವವನಿಗೆ ವೇಗ ಬೇಡ, ಪುರಾವೆ ಬೇಕು. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೇ ಕಲಂ, ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದು ತಲುಪಿದೆ ಎಂದೇ ಭಾವಿಸುತ್ತದೆ. ಆ ಪುರಾವೆಯ ಬೆಲೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ವಿಲೀನ ಇರಲಿ, ಬೇಗ ತಲುಪಬೇಕಿಲ್ಲದ, ಪುರಾವೆ ಮಾತ್ರ ಬೇಕಾದ ಕಾಗದಕ್ಕೆ ಒಂದು ಅಗ್ಗದ ದರ ಇರಲೇಬೇಕು ಎಂಬುದು ನನ್ನ ನಿಲುವು. ನಿಮ್ಮ ಸಭೆ ಬೇರೆ ತೀರ್ಮಾನಕ್ಕೆ ಬರಬಹುದು. ನೋಂದಣಿ ಬೇಕೆಂದು ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಬೇಕು ಎಂಬುದನ್ನಾದರೂ ಎಲ್ಲರೂ ಕಲಿತು ಹೋಗಲಿ.

ಪಾರ್ಸೆಲ್ ವಿಷಯದಲ್ಲಿ ನಾನು ಪೂರ್ತಿ ಸುಧಾರಣೆಯ ಕಡೆಗಿದ್ದೇನೆ. ಮನೆಯಲ್ಲಿ ಕಾಫಿ ಪುಡಿ ಮಾಡುವ, ಜೇನು, ಕರಿಮೆಣಸು, ನಮ್ಮ ಅಡುಗೆಯ ಹುಳಿರಸ ಕಾಚಂಪುಳಿ ಮಾರುವ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಜನ! ಅವರಿಗೆ ಪೊಟ್ಟಣ ಒಡೆಯದೆ ಹೋಗಬೇಕು, ದುಡ್ಡು ಸರಿಯಾಗಿ ಬರಬೇಕು. ವಿದೇಶಕ್ಕೆ ಕಳಿಸುವ ಕಾಗದಪತ್ರವನ್ನು ಅಂಚೆಯಲ್ಲಿಯೇ ಮುಗಿಸಿಕೊಡುವ ಡಾಕ್ ಘರ್ ನಿರ್ಯಾತ್ ಕೇಂದ್ರಗಳು 2022ರಿಂದ ಶುರುವಾಗಿವೆ. ಇಂಥವರನ್ನು ಸಭೆಗೆ ಕರೆದು ಮೊದಲು ಮಾತನಾಡಿಸಿ.

ನಡೆಯುವವರ ಮಾತು

ಗ್ರಾಮೀಣ ಡಾಕ್ ಸೇವಕರ ಬಗ್ಗೆ ಮಾತನಾಡುವಾಗ ಕನಿಕರ ಬೇಡ, ಅಂಕಿ ಹೇಳಿ. ಕಮಲೇಶ್ ಚಂದ್ರ ಸಮಿತಿ 2016ರಲ್ಲಿ ವರದಿ ಕೊಟ್ಟು, 2018ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೇಲೆ, ಶಾಖಾ ಪೋಸ್ಟ್‌ಮಾಸ್ಟರ್‌ಗೆ ನಾಲ್ಕು ಗಂಟೆಯ ಕೆಲಸಕ್ಕೆ ಕನಿಷ್ಠ 12,000, ಐದು ಗಂಟೆಗೆ 14,500. ಸಹಾಯಕರಿಗೆ 10,000 ಮತ್ತು 12,000 ರೂಪಾಯಿ ಭತ್ಯೆ ನಿಗದಿಯಾಯಿತು. ತುಟ್ಟಿಭತ್ಯೆ ಬೇರೆ. 65 ವರ್ಷಕ್ಕೆ ನಿವೃತ್ತಿ. ಇಲಾಖೆಯ ನೌಕರರಿಗಿರುವಂಥ ಪಿಂಚಣಿ ಇಲ್ಲ. 1977ರಲ್ಲಿಯೇ ಸುಪ್ರೀಂ ಕೋರ್ಟ್, ಕೇರಳದಿಂದ ಬಂದ ರಾಜಮ್ಮ ಅವರ ಪ್ರಕರಣದಲ್ಲಿ, ಆಗ ಇ.ಡಿ. (ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಇಲಾಖೇತರ) ಎನ್ನುತ್ತಿದ್ದ ಈ ನೌಕರರು ಸರ್ಕಾರದ ನಾಗರಿಕ ಹುದ್ದೆಯಲ್ಲಿರುವವರೇ ಎಂದು ಹೇಳಿತು. ಕಾರಣ ಕೇಳದೆ ತೆಗೆದುಹಾಕುವಂತಿಲ್ಲ ಎಂಬ ರಕ್ಷಣೆ ಅದರಿಂದ ಸಿಕ್ಕಿತು. ಖಾಯಂ ನೌಕರರ ಸಂಬಳ ಸಿಗಲಿಲ್ಲ.

ಲೆಕ್ಕದಲ್ಲಿ ನಾಲ್ಕೈದು ಗಂಟೆ. ನೀವು ನಡೆದು ಬಂದ ಬೀಟು ಎಷ್ಟು ಹೊತ್ತಿನದು? ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆಯಿರಿ. ಬಟವಾಡೆ ಕೇಂದ್ರಗಳ ಯೋಜನೆಯನ್ನು ನಾನು ತೂಗುವುದು ಇದರಲ್ಲಿಯೇ. ಮೈಸೂರಿನಂಥ ಊರಿನಲ್ಲಿ ಒಂದು ಕಡೆಯಿಂದ ವಾಹನದಲ್ಲಿ ಹಂಚುವುದು ಜಾಣತನ. ಗಾಳಿಬೀಡು, ಭಾಗಮಂಡಲದ ಕಡೆ ಅದೇ ಕೇಂದ್ರ ದೂರವಾದಷ್ಟೂ ನಡಿಗೆ ಉದ್ದವಾಗುತ್ತದೆ. ಕೊನೆಗೆ ‘ಬಾಗಿಲು ಹಾಕಿತ್ತು’ ಎಂಬ ಷರಾದೊಂದಿಗೆ ಕಾಗದ ಹಿಂದಿರುಗುತ್ತದೆ.

ಸೇವೆಯಲ್ಲಿರುವವರನ್ನು ವೇದಿಕೆಗೆ ಹತ್ತಿಸಬೇಡಿ, ಹೆಸರು ಹೇಳಿ ಉದಾಹರಿಸಬೇಡಿ. ಅವರಿಗೆ ನಡತೆ ನಿಯಮಗಳಿವೆ. ನಿಮ್ಮ ಚಪ್ಪಾಳೆಗೆ ಅವರು ವಿವರಣೆ ಕೊಡಬೇಕಾಗುತ್ತದೆ. ನಿವೃತ್ತರನ್ನು, ಸಂಘದ ಪದಾಧಿಕಾರಿಗಳನ್ನು ಕರೆಯಿರಿ.

ಹೊರದೇಶದ ಉದಾಹರಣೆ

ಓದಿಕೊಂಡವರು ಡೆನ್ಮಾರ್ಕ್ ತಂದೇ ತರುತ್ತಾರೆ. 1624ರಿಂದ ನಡೆದುಬಂದ ಕಾಗದದ ಬಟವಾಡೆಯನ್ನು ಅಲ್ಲಿನ ಸರ್ಕಾರಿ ಅಂಚೆ 2025ರ ಕೊನೆಗೆ ನಿಲ್ಲಿಸಿತು; ಕಾಗದದ ಕೆಲಸ ಖಾಸಗಿಯವರಿಗೆ ಹೋಯಿತು. ಬ್ರಿಟನ್ನಿನಲ್ಲಿ 2013ರಲ್ಲಿ ಖಾಸಗಿಯಾದ ರಾಯಲ್ ಮೇಲ್, 2025ರ ಜುಲೈ 28ರಿಂದ ಎರಡನೇ ದರ್ಜೆಯ ಕಾಗದವನ್ನು ದಿನ ಬಿಟ್ಟು ದಿನ ಹಂಚುವ ಅನುಮತಿ ಪಡೆಯಿತು. ಇವು ಉಪಯೋಗದ ಉದಾಹರಣೆಗಳೇ. ಆದರೆ ಡೆನ್ಮಾರ್ಕಿನ ಜನ ಸರ್ಕಾರದ ಪತ್ರವನ್ನು ಮೊಬೈಲಿನಲ್ಲಿ ಪಡೆಯುತ್ತಾರೆ. ನಮ್ಮಲ್ಲಿ ಆಟಿ ತಿಂಗಳ ಮಳೆಗಾಳಿಗೆ ಒಂದು ಸಿಲ್ವರ್ ಮರ ಲೈನಿನ ಮೇಲೆ ಬಿದ್ದರೆ ವಾರಗಟ್ಟಲೆ ಕರೆಂಟಿಲ್ಲ, ಟವರಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಹೆದ್ದಾರಿಯೇ ಕಡಿದುಹೋದಾಗ ಮೊಬೈಲಿನ ಪತ್ರವನ್ನು ಯಾರು ತೆರೆದು ನೋಡಬೇಕಿತ್ತು? ದಿನ ಬಿಟ್ಟು ದಿನದ ಬಟವಾಡೆಯನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ನಡೆಯುವವರ ಭತ್ಯೆ ಕಡಿಮೆಯಾಗದಿದ್ದರೆ ಅದನ್ನು ಕುಳಿತು ಯೋಚಿಸಬಹುದು.

ಸಭೆ ಮತ್ತು ಅದರ ನಂತರ

ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಜೂನಿನಿಂದ ಆಗಸ್ಟ್‌ವರೆಗೆ ಮಳೆ. ಮಾರ್ಚ್, ಏಪ್ರಿಲ್ ಅನುಕೂಲ. ಭಾನುವಾರ ಮಧ್ಯಾಹ್ನ ಇಟ್ಟರೆ ಲೈನ್ ಮನೆಯವರೂ ಬರುತ್ತಾರೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಭಾಷೆ, ಯಾವುದರಲ್ಲಿ ಮಾತಾಡಿದರೂ ಒಬ್ಬರು ಕನ್ನಡದಲ್ಲಿ ಬರೆದುಕೊಳ್ಳಲಿ. ಪರವಾಗಿ ಮಾತನಾಡಿದವರು ಎರಡನೇ ಸುತ್ತಿನಲ್ಲಿ ವಿರೋಧವಾಗಿ ಮಾತನಾಡಬೇಕು ಎಂಬ ನಿಯಮ ಇಡಿ. ಮೊದಲು ಮುಜುಗರವಾಗುತ್ತದೆ, ಆಮೇಲೆ ವಾದ ಹರಿತವಾಗುತ್ತದೆ.

ಕೊನೆಗೆ ಒಂದು ಪುಟದ ನಿರ್ಣಯ ಬರೆಯಿರಿ. ‘ಅಂಚೆ ಉಳಿಸಿ’ ಎಂದು ಬರೆದರೆ ಅದನ್ನು ಕಡತದಲ್ಲಿ ಹಾಕಿ ಕಟ್ಟುತ್ತಾರೆ. ಇಂಥ ಶಾಖಾ ಕಚೇರಿಯ ಇಂಥ ಬೀಟಿನಲ್ಲಿ ಈ ಬದಲಾವಣೆಯಿಂದ ಇಷ್ಟು ಮನೆಗಳಿಗೆ ಹೀಗಾಗುತ್ತದೆ, ಅದರ ಬದಲು ಹೀಗೆ ಮಾಡಿ ಎಂದು ಬರೆಯಿರಿ. ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಯಲ್ಲಿ ದಾಖಲಿಸಿ. ಮಡಿಕೇರಿಯ ಅಂಚೆ ಅಧೀಕ್ಷಕರಿಗೆ, ಬೆಂಗಳೂರಿನ ಮುಖ್ಯ ಪೋಸ್ಟ್‌ಮಾಸ್ಟರ್ ಜನರಲ್ ಅವರಿಗೆ, ಮೈಸೂರು–ಕೊಡಗು ಸಂಸದರಿಗೆ ಒಂದೊಂದು ಪ್ರತಿ ಕಳಿಸಿ. ಲೋಕಸಭೆಯಲ್ಲಿ ಕೇಳಬಹುದಾದ ಒಂದು ಪ್ರಶ್ನೆಯನ್ನು ನೀವೇ ಬರೆದು ಸಂಸದರ ಪ್ರತಿಗೆ ಲಗತ್ತಿಸಿ. ತಯಾರಾದ ಪ್ರಶ್ನೆ ಮುಂದಕ್ಕೆ ಹೋಗುವ ಸಾಧ್ಯತೆ ಹೆಚ್ಚು. ಡಾಕ್ ಅದಾಲತ್ ಇರುವುದು ಕಾಗದ ತಲುಪಲಿಲ್ಲ, ಠೇವಣಿ ಹಣ ಸಿಗಲಿಲ್ಲ ಎಂಬಂಥ ದೂರುಗಳಿಗೆ. ನೀತಿಯ ವಿಷಯವನ್ನು ಅಲ್ಲಿಗೆ ಒಯ್ಯಬೇಡಿ. ಕರಡು ನಿಯಮಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಾಗ ಇದೇ ನಿರ್ಣಯವನ್ನು ಗಡುವಿನೊಳಗೆ ಕಳಿಸಿ.

ಎಲ್ಲ ಪ್ರತಿಗಳನ್ನೂ ನೋಂದಣಿ ಸೇರಿಸಿದ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಗಳನ್ನು ನಡಾವಳಿ ಪುಸ್ತಕದ ಅದೇ ಪುಟಕ್ಕೆ ಅಂಟಿಸಿ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಲ್ಲಿಂದ ಇನ್ನು 30 ದಿನಗಳೊಳಗೆ ಮೊದಲ ಮೇಲ್ಮನವಿ ಹಾಕಿ. ಅದಕ್ಕೆ ಶುಲ್ಕವಿಲ್ಲ.